ಅಕ್ಕಿಗೂ ಅನ್ನಕ್ಕೂ ನಡುವೆ

೧

ಕನ್ನಡದಲ್ಲಿ ಅಕ್ಕಿ ಬೇರೆ, ಅನ್ನ ಬೇರೆ. ಹಿಟ್ಟು ಬೇರೆ, ಮುದ್ದೆ ಬೇರೆ. ನಮ್ಮ ಅವ್ವಂದಿರು ಈ ವ್ಯತ್ಯಾಸವನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಅಕ್ಕಿ ಅನ್ನವಾಗಬೇಕಾದರೆ ನೀರು ಬೇಕು, ಬೆಂಕಿ ಬೇಕು, ಒಬ್ಬರ ಮೈಮುರಿದ ದುಡಿಮೆ ಬೇಕು. ಈ ಮೂರರಲ್ಲಿ ನೀರಿನ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗಿಳಿದು ನೀರು ಕುಡಿದ ದಿನದಿಂದ ನೀರು ಅನ್ನೋದು ದಾಹದ ಪ್ರಶ್ನೆಯಾಗಿ ಮಾತ್ರ ಉಳಿಯಲಿಲ್ಲ, ಮನುಷ್ಯರಾಗುವ ಪ್ರಶ್ನೆಯಾಯಿತು. ಆದರೆ ಬೆಂಕಿ? ಒಲೆಯ ಬೆಂಕಿ ಯಾರ ಹಕ್ಕು? ಅದನ್ನು ಒದಗಿಸುವ ಹೊಣೆ ಯಾರದು? ಈ ಪ್ರಶ್ನೆ ಇನ್ನೂ ಅಡುಗೆಮನೆಯ ಹೊಗೆಯಲ್ಲೇ ಕೂತಿದೆ. ಅದನ್ನು ಹೊರಗೆ, ಬೆಳಕಿಗೆ ಎಳೆಯೋದು ಈ ಬರಹದ ಕೆಲಸ.

2013ರಲ್ಲಿ ಎರಡು ಸಂಗತಿ ನಡೆದವು. ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಶುರುವಾಯಿತು. ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಬಂತು, ಮುಂದೆ ಅದೂ ಪುಕ್ಕಟೆಯಾಯಿತು. ಅದೇ ವರ್ಷ ದಿಲ್ಲಿಯಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಾಸಾಯಿತು. ಇವೆರಡರಿಂದ ಕೇರಿಯ ಹಸಿವು ಎಷ್ಟೋ ಕಡಿಮೆಯಾಗಿದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಪುಕ್ಕಟೆ ಅಕ್ಕಿ ತಿಂದು ಜನ ಸೋಮಾರಿಗಳಾದರು ಅಂತ ಕಟ್ಟೆಯ ಮೇಲೆ ಕೂತು ಗೊಣಗುವವರ ಜೊತೆ ನಮ್ಮ ಜಗಳ ಬೇರೆಯೇ ಇದೆ. ಗೌಡರ ಹೊಲದಲ್ಲಿ ಅರ್ಧ ಕೂಲಿಗೆ ಬಗ್ಗುತ್ತಿದ್ದ ಬೆನ್ನು ಈಗ ಸ್ವಲ್ಪ ನೆಟ್ಟಗಾಗಿದೆ, ಅವರ ಸಿಟ್ಟೆಲ್ಲಾ ಅದಕ್ಕೆ.

ಆದರೆ ಆ ಕಾಯ್ದೆಯನ್ನು ಬಿಡಿಸಿ ಓದಿ. ಆಹಾರ ಭದ್ರತೆ ಅಂದರೆ ಏನು ಅಂತ ಅದರಲ್ಲೇ ಅರ್ಥ ಕೊಟ್ಟಿದ್ದಾರೆ. ಗೊತ್ತುಮಾಡಿದ ಪ್ರಮಾಣದ ಧಾನ್ಯವನ್ನೂ, ಮಕ್ಕಳು, ಬಸುರಿ ಬಾಣಂತಿಯರಂಥವರಿಗೆ ಗೊತ್ತುಮಾಡಿದ ಊಟವನ್ನೂ ಪೂರೈಸುವುದೇ ಆಹಾರ ಭದ್ರತೆ. ಉಳಿದ ಮನೆಮಂದಿಗೆ? ಐದು ಕಿಲೋ ಧಾನ್ಯ ತಕ್ಕಡಿಯಿಂದ ಚೀಲಕ್ಕೆ ಬಿದ್ದಲ್ಲಿಗೆ ಸರಕಾರದ ಹೊಣೆ ಮುಗಿಯಿತು. ರೇಷನ್ ಅಂಗಡಿಯ ಬಾಗಿಲಿನಿಂದ ಗಂಗಳದವರೆಗಿನ ದಾರಿ ಯಾರ ಲೆಕ್ಕಕ್ಕೂ ಸೇರಿಲ್ಲ. "ಅಕ್ಕಿ ಐತೆ ಕಣವ್ವ, ಸೌದೆ ಇಲ್ಲ" ಅನ್ನೋ ಮಾತು ಮಳೆಗಾಲದಲ್ಲಿ ಯಾವ ಕೇರಿಗೆ ಹೋದರೂ ಕೇಳಿಸುತ್ತದೆ. ಆ ಮನೆ ಸರಕಾರದ ಪುಸ್ತಕದಲ್ಲಿ ಆಹಾರ ಭದ್ರತೆ ಇರುವ ಮನೆ!

೨

ಬೆಂಕಿ ಕಡಿಮೆಯಾದರೆ ಊಟಕ್ಕೆ ಏನಾಗುತ್ತದೆ? ಮೊದಲು ಇದನ್ನು ನಿಧಾನವಾಗಿ ನೋಡೋಣ. ಹಸಿವು ಅಂದರೆ ಮಡಕೆ ಖಾಲಿ ಇರೋದು ಮಾತ್ರ ಅಂತ ತಿಳಿದವರಿಗೆ ಇದು ಕಾಣಿಸುವುದಿಲ್ಲ.

ಸೌದೆ ಸಾಲದಾದಾಗ ಮೊದಲು ಬಿಟ್ಟುಹೋಗೋದು ಕಾಳು. ಹುರುಳಿ, ಅವರೆ, ಅಲಸಂದೆ, ಕಡಲೆ, ಇವೆಲ್ಲ ಹೊತ್ತುಗಟ್ಟಲೆ ಕುದಿ ಬೇಡುತ್ತವೆ. ಬಡವರ ಮಾಂಸ ಅಂದರೆ ಈ ಕಾಳುಗಳೇ. ಅವು ಹೋದರೆ ಉಳಿಯೋದು ಅನ್ನ, ಉಪ್ಪು, ಮೆಣಸಿನಕಾಯಿ, ತಿಳಿನೀರಿನಂಥ ಸಾರು. ಆಮೇಲೆ ಎರಡು ಹೊತ್ತಿನ ಅಡುಗೆ ಒಂದೇ ಹೊತ್ತಿಗೆ ಇಳಿಯುತ್ತದೆ. ಬೆಳಗ್ಗೆ ಮಾಡಿದ್ದು ರಾತ್ರಿಗೆ, ರಾತ್ರಿಯದು ಮಾರನೆಯ ಬೆಳಗ್ಗೆಗೆ. ಬೇಸಿಗೆಯಲ್ಲಿ ಹಳಸಿದ್ದನ್ನು ತಿಂದ ಕೂಸಿಗೆ ಹೊಟ್ಟೆ ಕೆಡುತ್ತದೆ, ತಿಂದ ಅನ್ನವೂ ಮೈಗೆ ಹತ್ತುವುದಿಲ್ಲ. ನೀರು ಕಾಯಿಸಿ ಕುಡಿಯಿರಿ ಅಂತ ಆಸ್ಪತ್ರೆಯ ಗೋಡೆ ಮೇಲೆ ಬರೆದಿರುತ್ತಾರೆ. ಅನ್ನಕ್ಕೇ ಇಲ್ಲದ ಸೌದೆ ನೀರಿಗೆ ಎಲ್ಲಿಂದ ಬರಬೇಕು?

ಸೌದೆ ಕೊಂಡುಕೊಳ್ಳುವ ಮನೆಯಲ್ಲಿ ಆ ದುಡ್ಡು ಬರೋದು ಎಣ್ಣೆಯಿಂದ, ಸೊಪ್ಪಿನಿಂದ, ಮೊಟ್ಟೆಯಿಂದ ಕಿತ್ತುಕೊಂಡೇ. ಆರಿಸಿ ತರುವ ಮನೆಯಲ್ಲಿ ಅದು ಬರೋದು ಹೆಣ್ಣುಮಗಳ ಹೊತ್ತಿನಿಂದ, ಮೈಯಿಂದ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕೇರಿಗಳಲ್ಲಿ ಜಾಲಿಮುಳ್ಳೇ ಆಧಾರ. ಕಾಲಿಗೆ ಹೊಕ್ಕ ಮುಳ್ಳು ಕೀವಾದರೆ ನಾಲ್ಕು ದಿನದ ಕೂಲಿ ಹೋಯಿತು. ಕಲಬುರಗಿ ಕಡೆ ತೊಗರಿ ಕಟಗಿ, ಹತ್ತಿ ಕಟಗಿ. ಅದು ಸಿಗಬೇಕಾದರೆ ಹೊಲದವನ ಮರ್ಜಿ ಬೇಕು. ಕೆಲವೊಮ್ಮೆ ಹೊಲ ಹಸನು ಮಾಡಿಕೊಟ್ಟ ದುಡಿಮೆಗೆ ಆ ಕಟಗಿಯೇ ಕೂಲಿ. ತುಮಕೂರು, ಮಂಡ್ಯದ ಕಡೆ ತೆಂಗಿನ ಗರಿ, ಮಟ್ಟೆ. ತೋಟ ಯಾರದೋ ಗರಿಯೂ ಅವರದೇ. ಮನೆಯಲ್ಲಿ ಒಂದು ದನ ಇದ್ದರೆ ಬೆರಣಿ ತಟ್ಟಬಹುದು, ಬಡಗಣ ಸೀಮೆಯವರು ಕುಳ್ಳು ಅಂತಾರೆ. ಒಲೆಗೆ ಹೋದ ಸಗಣಿ ಹೊಲಕ್ಕೆ ಹೋಗುವುದಿಲ್ಲ. ಇದ್ದ ತುಂಡು ನೆಲವೂ ಬಡವಾಗುತ್ತದೆ. ಇವತ್ತಿನ ಊಟ ಬೇಯಿಸಲು ಬರುವ ವರ್ಷದ ಊಟವನ್ನು ಸುಟ್ಟಂತೆ.

ಒಣ ಸೌದೆಗೂ ಜಾಗ ಬೇಕು ಅನ್ನೋದನ್ನು ನೆನಪಿಡಿ. ಊರೊಳಗಿನ ದೊಡ್ಡ ಮನೆಗೆ ಹಿತ್ತಲಿದೆ, ಕೊಟ್ಟಿಗೆಯಿದೆ, ಬೇಸಿಗೆಯಲ್ಲೇ ಸೀಳಿಸಿ ಒಟ್ಟಿದ ಸೌದೆ ಕಾರ್ತೀಕದವರೆಗೂ ಗರಿಗರಿ ಇರುತ್ತದೆ. ಸೀಳಿದವನು ಯಾರು? ಕೇರಿಯವನು. ಗೌಡರ ಮನೆ ಮದುವೆಗೆ ಸೌದೆ ಸೀಳೋದೂ ಅವನೇ, ಊರ ಹೆಣಕ್ಕೆ ಸೌದೆ ಹೊರೋದೂ ಅವನೇ. ಅವನ ಮನೆ ಒಂದಂಕಣ. ಅಲ್ಲಿ ಮಕ್ಕಳು ಮಲಗಬೇಕೋ ಸೌದೆ ಮಲಗಬೇಕೋ? ಆಷಾಢದ ಮಳೆಗೆ ಹಸಿಯಾದ ಕಡ್ಡಿ ಊದಿ ಊದಿ ಅವನ ಹೆಂಡತಿಯ ಕಣ್ಣು ಕೆಂಡವಾಗುತ್ತದೆಯೇ ಹೊರತು ಒಲೆಯಲ್ಲಿ ಕೆಂಡವಾಗುವುದಿಲ್ಲ. ಹಳೇ ಮಣ್ಣಿನ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಮಡಕೆಗೆ ಸೇರುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ. ಹೊಗೆ ಅವಳ ಎದೆಗೆ. ಮನೆಯೊಳಗಿನ ಒಲೆಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷ ತುಂಬದ ಕೂಸುಗಳು. ಯುದ್ಧದಲ್ಲಿ ಇಷ್ಟು ಜನ ಸತ್ತಿದ್ದರೆ ಲೋಕವೆಲ್ಲಾ ಎದ್ದು ಕೂರುತ್ತಿತ್ತು. ಒಲೆ ಮುಂದೆ ಸತ್ತವರಿಗೆ ಹುತಾತ್ಮರ ಕಂಬ ಇಲ್ಲ.

೩

"ಎಲ್ಲವನ್ನೂ ಸರಕಾರವೇ ಕೊಡಬೇಕಾ? ಅಕ್ಕಿ ಕೊಟ್ಟಾಯ್ತು, ಇನ್ನು ಸೌದೆ ಕೊಡಬೇಕು, ನಾಳೆ ಮಡಕೆ, ನಾಡಿದ್ದು ತುತ್ತು ಮಾಡಿ ಬಾಯಿಗಿಡಬೇಕಾ?" ಈ ಪ್ರಶ್ನೆಯನ್ನು ಅಣಕಕ್ಕೆ ಕೇಳುವವರಿದ್ದಾರೆ. ನಾವು ಇದನ್ನು ಅಣಕವಾಗಿ ತೆಗೆದುಕೊಳ್ಳದೆ ನಿಜವಾದ ಪ್ರಶ್ನೆಯಾಗಿಯೇ ತೆಗೆದುಕೊಳ್ಳೋಣ. ಹಕ್ಕಿನ ಲೆಕ್ಕ ಎಲ್ಲಿಗೆ ನಿಲ್ಲಬೇಕು? ಇದು ನೀತಿಯ ಪ್ರಶ್ನೆ, ಮತ್ತು ಕಷ್ಟದ ಪ್ರಶ್ನೆ.

ಉತ್ತರದ ಅರ್ಧ ಭಾಗವನ್ನು ಈ ದೇಶದ ಅತಿ ದೊಡ್ಡ ನ್ಯಾಯಾಲಯವೇ ಕೊಟ್ಟಿದೆ. ಶಾಲೆಯ ಮಕ್ಕಳಿಗೆ ಎಷ್ಟೋ ರಾಜ್ಯಗಳು ತಿಂಗಳಿಗೆ ಇಷ್ಟು ಅಂತ ಹಸಿ ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಆದೇಶ ಮಾಡಿತು: ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು, ಕಡಿಮೆಯೆಂದರೂ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. ಅಕ್ಷರ ದಾಸೋಹದ ಒಲೆ ನಮ್ಮ ಶಾಲೆಗಳಲ್ಲಿ ಹೊತ್ತಿದ್ದು ಇದರ ಬೆನ್ನಿಗೇ. ಹಳ್ಳಿಯ ಮೇಷ್ಟ್ರುಗಳಿಗೆ ಇದರ ಫಲ ಗೊತ್ತು. ಹಸಿ ಧಾನ್ಯದ ಚೀಲ ಮಾಡದಿದ್ದ ಕೆಲಸವನ್ನು ಬಿಸಿ ಸಾರು ಮಾಡಿತು. ಅಂದರೆ ಧಾನ್ಯ ಕೊಟ್ಟರೆ ಊಟ ಕೊಟ್ಟಂತಲ್ಲ ಅಂತ ಪ್ರಭುತ್ವವೇ ಒಪ್ಪಿಕೊಂಡಿದೆ. ಮಗು ಶಾಲೆಯಲ್ಲಿದ್ದಾಗ ನಿಜವಾಗಿರುವ ಮಾತು, ಅದು ಮನೆಗೆ ನಡೆದುಕೊಂಡು ಹೋಗುವಷ್ಟರಲ್ಲಿ ಸುಳ್ಳಾಗಲು ಹೇಗೆ ಸಾಧ್ಯ?

2004ರ ಏಪ್ರಿಲ್ 20ರ ಇನ್ನೊಂದು ಆದೇಶದಲ್ಲಿ ಅದೇ ಕೋರ್ಟು ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಆದ್ಯತೆ ಕೊಡಬೇಕು ಅಂತ ಹೇಳಿತು. ಆ ಒಲೆ ಮುಂದೆ ನಮ್ಮ ಹೆಣ್ಣುಮಗಳು ಕೂತದ್ದೇ ತಡ, ಮಕ್ಕಳನ್ನು ಶಾಲೆ ಬಿಡಿಸಿದ ಊರುಗಳ ಸುದ್ದಿ ಇವತ್ತಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹಸಿ ಅಕ್ಕಿಗೆ ಮೈಲಿಗೆ ಇಲ್ಲ, ಬೆಂದ ಅಕ್ಕಿಗೆ ಉಂಟು! ನಮ್ಮವರು ನಟ್ಟು ಕೊಯ್ದು ಬಡಿದು ಕೇರಿ ಕೊಟ್ಟ ಭತ್ತ ಅವರಿಗೆ ಆಗುತ್ತದೆ. ನಾವು ಬೇಯಿಸಿದ ತಕ್ಷಣ ಆಗುವುದಿಲ್ಲ. ಜಾತಿ ಕೂತಿರುವ ಜಾಗ ಹೊಲದಲ್ಲಿಲ್ಲ, ಒಲೆಯಲ್ಲಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಬೆಂಕಿ ಅಂದರೆ ಬರೀ ಶಾಖವಲ್ಲ. ಯಾರ ಬೆಂಕಿಯಲ್ಲಿ ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಅನ್ನೋದೇ ಈ ವ್ಯವಸ್ಥೆಯ ಅಸ್ತಿಭಾರ.

ಹಾಗಾದರೆ ಎಲ್ಲರಿಗೂ ಬೇಯಿಸಿದ್ದನ್ನೇ ಕೊಟ್ಟುಬಿಟ್ಟರೆ ಆಯಿತಲ್ಲ ಅನ್ನಬಹುದು. ಪಟ್ಟಣದಲ್ಲಿ ಕೂಲಿಗೆ ಹೋದವನಿಗೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ದೊಡ್ಡ ಆಸರೆಯೇ. ಆದರೆ ಬೆಂದದ್ದನ್ನು ಪಡೆಯುವ ಚರಿತ್ರೆ ನಮಗೆ ಇನ್ನೊಂದಿದೆ. ಸಂಜೆ ಹೊತ್ತು ದೊಡ್ಡಮನೆಯ ಹಿತ್ತಲ ಬಾಗಿಲಲ್ಲಿ ದೂರ ನಿಂತು, ಸೆರಗಿಗೋ ಮಡಕೆಗೋ ಮೇಲಿಂದ ಬೀಳುತ್ತಿದ್ದ ತಂಗಳು ಮುದ್ದೆಯೂ ಬೆಂದದ್ದೇ ಆಗಿತ್ತು. ಅದರಿಂದ ಹೊಟ್ಟೆ ತುಂಬಿತು, ಮಾನ ಬರಿದಾಯಿತು. ಸತ್ತ ದನದ ಮಾಂಸವನ್ನೂ ಎಂಜಲನ್ನೂ ಬಿಡಿ ಅಂತ ಅಂಬೇಡ್ಕರ್ ಮಹಾಡದಲ್ಲಿ ಹೇಳಿದ್ದು ಸುಮ್ಮನಲ್ಲ. ಎಂಜಲು ಬಿಡಬೇಕಾದರೆ ನಮ್ಮದೇ ಒಲೆ ಉರಿಯಬೇಕು. ನಮ್ಮ ಒಲೆ ಉರಿಯಬೇಕಾದರೆ ಸೌದೆಗಾಗಿ ಮತ್ತೆ ಅದೇ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುವಂತಿರಬಾರದು. ತನ್ನ ಮನೆಯ ಅನ್ನವನ್ನು, ತನಗೆ ಬೇಕಾದ ಹೊತ್ತಿಗೆ, ತನಗೆ ರುಚಿಸುವ ಹಾಗೆ, ಯಾರ ಹಂಗೂ ಇಲ್ಲದೆ ಬೇಯಿಸಿಕೊಳ್ಳುವುದು ಸ್ವಾತಂತ್ರ್ಯದ ಮೊದಲ ಪಾಠ. ಅದಕ್ಕೇ ನಾವು ಕೇಳುತ್ತಿರುವುದು ಬೆಂದ ಅನ್ನವನ್ನಲ್ಲ, ಬೇಯಿಸಿಕೊಳ್ಳುವ ಬಲವನ್ನು.

೪

ಉತ್ತರದ ಉಳಿದರ್ಧ ಸೌದೆಯ ಚರಿತ್ರೆಯಲ್ಲಿದೆ. ಬಡವರಿಗೆ ಬೆಂಕಿ ಮೊದಲಿಂದಲೂ ಇರಲಿಲ್ಲ ಅನ್ನೋದು ಸುಳ್ಳು. ಪ್ರತಿ ಊರಿಗೂ ಗೋಮಾಳ ಇತ್ತು, ಗುಂಡುತೋಪು ಇತ್ತು, ಕೆರೆಯಂಗಳ ಇತ್ತು, ಕುರುಚಲು ಕಾಡು ಇತ್ತು. ಅಲ್ಲೂ ಜಾತಿ ಇತ್ತು, ನಾವು ಹಳೆಯದನ್ನು ಹಾಡಿ ಹೊಗಳುವವರಲ್ಲ. ಆದರೂ ಬಿದ್ದ ಕಡ್ಡಿ ಆರಿಸುವುದಕ್ಕೆ ಯಾರ ಚೀಟಿಯೂ ಬೇಕಿರಲಿಲ್ಲ. ಅದನ್ನು ಕಸಿದುಕೊಂಡವರು ಯಾರು?

ಮೊದಲು ಬ್ರಿಟಿಷರ ಅರಣ್ಯ ಕಾನೂನು ಕಾಡಿಗೆ ಗೆರೆ ಎಳೆದು, ಗೆರೆ ದಾಟಿ ಸೌದೆ ತಂದವರನ್ನು ಕಳ್ಳರು ಅಂದಿತು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಜರ್ಮನಿಯ ರೈನ್ ಪ್ರಾಂತ್ಯದಲ್ಲಿ ಉದುರಿದ ಕಡ್ಡಿ ಆರಿಸಿಕೊಳ್ಳುವುದನ್ನು ಕಳ್ಳತನವೆಂದು ಸಾರುವ ಕಾನೂನಿನ ಮೇಲೆ ನಡೆದ ಚರ್ಚೆಯನ್ನು ಹಿಡಿದು, 1842ರಲ್ಲಿ ಇಪ್ಪತ್ತನಾಲ್ಕು ವರ್ಷದ ಕಾರ್ಲ್ ಮಾರ್ಕ್ಸ್ ಪತ್ರಿಕೆಯಲ್ಲಿ ಅದರ ವಿರುದ್ಧ ಸರಣಿ ಲೇಖನ ಬರೆದ. ಅವನ ವಾದದ ತಿರುಳು ಸರಳ: ಮರದಿಂದ ಕಳಚಿ ಬಿದ್ದ ಕಡ್ಡಿ ಮರದ ಒಡೆಯನಿಂದಲೂ ಕಳಚಿದೆ, ಹಾಗೆ ಬಿದ್ದದ್ದು ಬಿದ್ದವರಿಗೆ ಸೇರಬೇಕಾದದ್ದು, ಆಸ್ತಿವಂತನ ಲಾಭ ಕಾಯಲು ಕಾನೂನು ಮನುಷ್ಯನಿಗಿಂತ ಕಟ್ಟಿಗೆಯನ್ನು ಮೇಲೆ ಕೂರಿಸುತ್ತಿದೆ. ನಮ್ಮ ಗಾರ್ಡುಗಳ ಕೈಗೆ ಸಿಕ್ಕು ಕತ್ತಿ, ಹಗ್ಗ ಕಳೆದುಕೊಂಡು, ದಂಡ ಕಟ್ಟಿ ಬಂದ ಹೆಣ್ಣುಮಕ್ಕಳಿಗೆ ಈ ವಾದ ಓದಿ ಹೇಳುವ ಅಗತ್ಯವಿಲ್ಲ. ಅವರು ಅದನ್ನು ಮೈಮೇಲೆ ಓದಿದ್ದಾರೆ.

ಕಾಡು ಹಾಳಾದದ್ದು ಬಡವರ ಒಲೆಯಿಂದ ಅಂತ ಪಾಠ ಹೇಳುವವರಿದ್ದಾರೆ. ಬಡವರು ಉರಿಸೋದು ಹೆಚ್ಚಾಗಿ ಕಡ್ಡಿ, ಪುರಳೆ, ಮುಳ್ಳು, ಬೆಳೆಯ ಕೂಳೆ. ತಲೆ ಮೇಲೆ ಹೊರುವ ಹೊರೆಯಲ್ಲಿ ದಿಮ್ಮಿ ಬರುವುದಿಲ್ಲ. ದಿಮ್ಮಿ ಹೋದದ್ದು ರೈಲು ಹಳಿಗಳ ಕೆಳಗೆ, ಪಟ್ಟಣದ ಬಂಗಲೆಗಳಿಗೆ, ಕಾರ್ಖಾನೆಗಳಿಗೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಪುಡಿಗಾಸಿಗೆ ಹೋಗುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವ ಮೇದಾರ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ತೆರಬೇಕಿತ್ತು.

ಆಮೇಲೆ ಬಂತು 1980ರ ದಶಕದ ಸಾಮಾಜಿಕ ಅರಣ್ಯ. ವಿಶ್ವಬ್ಯಾಂಕಿನ ಸಾಲ ತಂದು, ಬಡವರಿಗೆ ಸೌದೆ ಬೆಳೆಯುತ್ತೇವೆ ಅಂತ ಹೇಳಿ, ಬೆಳೆದದ್ದು ಬಹುಪಾಲು ನೀಲಗಿರಿ. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಹೊಕ್ಕಿತು. ರಾಗಿಯೂ ಹೋಯಿತು, ಕಳೆ ಕೀಳುವ ಕೂಲಿಯೂ ಹೋಯಿತು, ದನದ ಹುಲ್ಲೂ ಹೋಯಿತು. ಮರ ಲಾರಿ ಹತ್ತಿ ಕಾರ್ಖಾನೆಗೆ ಹೋಯಿತು. ಸೌದೆಯ ಹೆಸರಲ್ಲಿ ಸೌದೆಯನ್ನೂ ಅನ್ನವನ್ನೂ ಒಟ್ಟಿಗೆ ಕಸಿದ ಯೋಜನೆ ಅದು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸರಕಾರಿ ನರ್ಸರಿಗಳಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದದ್ದು ಇದಕ್ಕೇ. ಮರುವರ್ಷ ಸರಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಕಂಪನಿ ಕಟ್ಟಿ, ಊರೂರಿನ ಸಮುದಾಯದ ಭೂಮಿ ಸುಮಾರು 30,000 ಹೆಕ್ಟೇರನ್ನು ಅದಕ್ಕೆ ಒಪ್ಪಿಸಲು ಹೊರಟಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ಹಣ್ಣಿಗೆ, ಮೇವಿಗೆ, ಸೌದೆಗೆ ಬರುವ ಗಿಡ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1990ರ ದಶಕದ ಮೊದಲಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ನೀಲಗಿರಿ ಹೊಸದಾಗಿ ನೆಡಬಾರದು ಅಂತ ಸರಕಾರಕ್ಕೆ ಜ್ಞಾನೋದಯವಾದದ್ದು 2017ರಲ್ಲಿ! ಜನ ಕಿತ್ತೆಸೆದು ಮೂವತ್ತನಾಲ್ಕು ವರ್ಷದ ಮೇಲೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಎಲ್ಲವನ್ನೂ ಸರಕಾರ ಕೊಡಬೇಕಾ? ನಮ್ಮ ಉತ್ತರ: ಕೊಡುವ ಮಾತೇ ಇಲ್ಲ, ತಿರುಗಿ ಕೊಡುವ ಮಾತು. ಯಾವುದನ್ನು ಕಾನೂನಿನಿಂದ, ಬೇಲಿಯಿಂದ, ಕಂಪನಿಯಿಂದ ಕಿತ್ತುಕೊಂಡಿದ್ದೀರೋ ಅದರ ಬದಲು ಕೊಡಲೇಬೇಕು. ಹಕ್ಕಿನ ಲೆಕ್ಕ ನಿಲ್ಲಬೇಕಾದ್ದು ಮನುಷ್ಯ ತನ್ನ ಸ್ವಂತ ಬಲದಿಂದ ಮುಂದಕ್ಕೆ ನಡೆಯಬಲ್ಲ ಜಾಗದಲ್ಲಿ. ಅವನ ಬಲವನ್ನು ನೀವೇ ಮುರಿದ ಕಡೆ ನಿಲ್ಲಿಸಿ, ಇನ್ನು ನೀನೇ ನಡೆ ಅನ್ನೋದು ಅನ್ಯಾಯ. ತುತ್ತು ಮಾಡಿ ಬಾಯಿಗಿಡಿ ಅಂತ ಯಾರೂ ಕೇಳಿಲ್ಲ. ನಮ್ಮ ಕೈ ನಮಗಿದೆ. ಕಿತ್ತುಕೊಂಡದ್ದು ಕೈಯನ್ನಲ್ಲ, ಕೆಂಡವನ್ನು.

೫

"ಗ್ಯಾಸ್ ಕೊಟ್ಟಿದ್ದಾರಲ್ಲ?" ಹೌದು, ಕೊಟ್ಟಿದ್ದಾರೆ. 2016ರ ಮೇ 1ರಂದು, ದುಡಿಯುವವರ ದಿನದಂದೇ, ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಉಜ್ವಲ ಯೋಜನೆ ಶುರುವಾಯಿತು. 2024ರ ಹೊತ್ತಿಗೆ ಸಂಪರ್ಕಗಳು 10 ಕೋಟಿ ದಾಟಿದವು. ಕರ್ನಾಟಕದಲ್ಲಿ 2017ರಲ್ಲಿ ಅನಿಲಭಾಗ್ಯ ಅಂತ ಇನ್ನೊಂದು ಬಂತು. ಹೊಗೆಯಿಂದ ಕಣ್ಣು ಕಳೆದುಕೊಳ್ಳುತ್ತಿದ್ದ ಅವ್ವನ ಮುಂದೆ ನೀಲಿ ಉರಿ ಹೊತ್ತಿದ್ದು ಸಣ್ಣ ಸಂಗತಿಯಲ್ಲ. ಗ್ಯಾಸಿನ ಅಡುಗೆಗೆ ರುಚಿಯಿಲ್ಲ, ನಮ್ಮ ಜನಕ್ಕೆ ಮಣ್ಣಿನ ಒಲೆಯೇ ಚೆಂದ ಅಂತ ಹಾಡುವವರನ್ನು ನಂಬಬೇಡಿ. ಅವರ ಮನೆಯಲ್ಲಿ ಮಣ್ಣಿನ ಒಲೆ ಇಲ್ಲ.

ಪ್ರಶ್ನೆ ಇರೋದು ಎರಡನೇ ಸಿಲಿಂಡರಿನಲ್ಲಿ. ಸಂಪರ್ಕವೇನೋ ಪುಕ್ಕಟೆ, ಆದರೆ ಶುರುವಿನಲ್ಲಿ ಒಲೆಯ ಮತ್ತು ಮೊದಲ ಸಿಲಿಂಡರಿನ ದುಡ್ಡನ್ನು ಸಾಲವಾಗಿ ಬರೆದುಕೊಂಡು, ಮುಂದೆ ಬರಬೇಕಾದ ಸಬ್ಸಿಡಿಯಲ್ಲಿ ಮುರಿದುಕೊಳ್ಳುವ ಏರ್ಪಾಟು ಬಹಳ ಮನೆಗಳಿಗಿತ್ತು. ಮೊದಲು ಸಾಲ, ಆಮೇಲೆ ದುಡಿಮೆಯಲ್ಲಿ ಮುರಿತ! ಜೀತ ಕಂಡವರಿಗೆ ಈ ಲೆಕ್ಕ ಹೊಸದಲ್ಲ. 2018ರ ಡಿಸೆಂಬರ್ 31ರ ಹೊತ್ತಿಗೆ ಉಜ್ವಲದ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರು ತುಂಬಿಸಿಕೊಂಡಿದ್ದವು ಅಂತ ದೇಶದ ಮಹಾಲೆಕ್ಕಪರಿಶೋಧಕರ 2019ರ ವರದಿಯೇ ಹೇಳಿತು. ಒಂದು ಸಿಲಿಂಡರು ಒಂದೂವರೆ ತಿಂಗಳು ಬರುತ್ತದೆ ಅಂತಿಟ್ಟುಕೊಂಡರೂ ವರ್ಷಕ್ಕೆ ಎಂಟು ಬೇಕು. ಉಳಿದ ಐದರ ಬೆಂಕಿ ಎಲ್ಲಿಂದ ಬಂತು? ಅದೇ ಮುಳ್ಳು, ಅದೇ ಬೆರಣಿ, ಅದೇ ಹೊಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುವ ಮನೆಗಳು ಪಟ್ಟಣಗಳಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ, ಹಳ್ಳಿಗಳಲ್ಲಿ ಬರೀ ನಲವತ್ತಮೂರು.

ಬೆಲೆಯ ಮಾತು ಕೇಳಿ. 2020ರ ಮಧ್ಯದಿಂದ ಸಬ್ಸಿಡಿ ಬಹುತೇಕ ನಿಂತೇ ಹೋಯಿತು. 2022ರ ಮೇ ತಿಂಗಳಲ್ಲಿ ಉಜ್ವಲದವರಿಗೆ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಲ್ಲಿ 300 ರೂಪಾಯಿ ಅಂತಾಯಿತು. 2025ರ ಏಪ್ರಿಲಿನಲ್ಲಿ 50 ರೂಪಾಯಿ ಏರಿ ದಿಲ್ಲಿಯಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ 853 ರೂಪಾಯಿ ಆಯಿತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370. ಅಂದರೆ ಎರಡು ದಿನ ಪೂರ್ತಿ ಗುಂಡಿ ತೋಡಿದರೂ ಒಂದು ಸಿಲಿಂಡರು ಬರುವುದಿಲ್ಲ. ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ ನಿಜ. ಆದರೆ ಮೊದಲು ಪೂರ್ತಿ ದುಡ್ಡು ಒಟ್ಟಿಗೆ ಕೈಯಲ್ಲಿರಬೇಕು. ಇಲ್ಲೇ ಇರೋದು ಗುಟ್ಟು. ಸೌದೆ ಕೂಲಿಯ ಹಾಗೆ: ಅಂದಂದಿಗೆ ಸಿಗುತ್ತದೆ, ಅಂದಂದಿಗೆ ಉರಿಯುತ್ತದೆ. ಸಿಲಿಂಡರು ಸಂಬಳದವರ ಲೆಕ್ಕದ ವಸ್ತು. ದಿನದ ಕೂಲಿಯವನಿಗೆ ತಿಂಗಳ ಸಂಬಳದವನ ಬೆಂಕಿ ಕೊಟ್ಟು, ಯಾಕೆ ಉರಿಸುವುದಿಲ್ಲ ಅಂತ ಕೇಳುತ್ತಿದ್ದಾರೆ.

ಮನಸ್ಸು ಮಾಡಿದರೆ ಆಗುವುದಿಲ್ಲವೇ? ಆಗುತ್ತದೆ. 2020ರ ಲಾಕ್‌ಡೌನಿನಲ್ಲಿ ಉಜ್ವಲದ ಮನೆಗಳಿಗೆ ಅಕ್ಕಿಯ ಜೊತೆಗೇ ಮೂರು ಸಿಲಿಂಡರು ಪುಕ್ಕಟೆ ಕೊಟ್ಟರು. ಅಕ್ಕಿಗೂ ಬೆಂಕಿಗೂ ಜೋಡಿ ಅಂತ ಆವತ್ತು ಗೊತ್ತಿತ್ತು. ಸೋಂಕು ಇಳಿದ ಮೇಲೆ ಮರೆತುಹೋಯಿತು.

ಮತ್ತೆ ಈ ಹೆಸರುಗಳನ್ನು ನೋಡಿ: ಅನ್ನಭಾಗ್ಯ, ಅನಿಲಭಾಗ್ಯ. ಭಾಗ್ಯ ಅಂದರೇನು? ಹಣೆಯಲ್ಲಿ ಬರೆದದ್ದು, ಪುಣ್ಯದಿಂದ ಬಂದದ್ದು, ದೊರೆ ಮನಸ್ಸು ಕರಗಿ ಕೊಟ್ಟದ್ದು. ಕರ್ಮಸಿದ್ಧಾಂತವನ್ನು ಸುಡುತ್ತೇವೆ ಅಂತ ಹೊರಟ ನಮಗೆ ರೇಷನ್ ಕಾರ್ಡಿನಲ್ಲೇ ಕರ್ಮಸಿದ್ಧಾಂತ ಅಚ್ಚು ಹಾಕಿ ಕೊಡುತ್ತಾರೆ. ಭಾಗ್ಯ ಬಂದರೆ ಕೈಮುಗಿಯಬೇಕು, ಬರದಿದ್ದರೆ ಹಣೆಬರಹ ಅನ್ನಬೇಕು. ಹಕ್ಕು ಬರದಿದ್ದರೆ ಕೊರಳಪಟ್ಟಿ ಹಿಡಿಯಬಹುದು. ವ್ಯತ್ಯಾಸ ಇಷ್ಟೇ, ಮತ್ತು ಇಷ್ಟೂ.

೬

ಒಲೆಯ ಮುಂದೆ ಇನ್ನೊಂದು ಅಸ್ಪೃಶ್ಯತೆಯೂ ಕೂತಿದೆ. ಊರಿನ ಜೊತೆ ಜಗಳವಾದಾಗ ಕೇರಿಗೆ ಬಹಿಷ್ಕಾರ ಹಾಕುತ್ತಾರೆ. ಕೂಲಿ ಬಂದ್, ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್, ಬದುವಿನ ಮೇಲೆ ಕಾಲಿಡುವಂತಿಲ್ಲ. ಆಗ ಗಂಡಸರು ತಾಲೂಕಾಫೀಸಿನ ಮುಂದೆ ಧರಣಿ ಕೂರುತ್ತಾರೆ. ಕೂರಬೇಕಾದ್ದೇ. ಆದರೆ ಬದುವಿನ ಸೌದೆ ನಿಂತ ದಿನ ಹೊಸ ದಾರಿ ಹುಡುಕಿಕೊಂಡು ಎರಡು ಮೈಲಿ ಹೆಚ್ಚು ನಡೆಯುವವಳು ಯಾರು? ಹೋರಾಟದ ಖರ್ಚಿನ ಪಟ್ಟಿಯಲ್ಲಿ ಬಸ್ ಚಾರ್ಜು ಇರುತ್ತದೆ, ಕರಪತ್ರದ ಖರ್ಚು ಇರುತ್ತದೆ, ಅವಳ ನಡಿಗೆ ಇರುವುದಿಲ್ಲ. ಧರಣಿಯಿಂದ ಬಂದವನಿಗೆ ಬಿಸಿ ಮುದ್ದೆ ಸಿಗುತ್ತದೆ. ಎಲ್ಲರದೂ ಆದ ಮೇಲೆ, ತಳ ಹಿಡಿದದ್ದನ್ನು ಕೆರೆದು ಅವಳು ಉಣ್ಣುತ್ತಾಳೆ. 2019-21ರ ಅದೇ ಸಮೀಕ್ಷೆಯಲ್ಲಿ ಈ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಬೇಯದ ಕಾಳಿನ, ಕೊನೆಯ ಊಟದ, ಹೊತ್ತ ಹೊರೆಯ ಪಾಲು ಅದರಲ್ಲಿದೆ.

ಹುಡುಗಿಯರ ಹಾಜರಿ ಪುಸ್ತಕವನ್ನು ಮೇಷ್ಟ್ರುಗಳು ಬಿಡಿಸಿ ನೋಡಲಿ. ಮಳೆಗಾಲಕ್ಕೆ ಮೊದಲು ಸೌದೆ ಒಟ್ಟುವ ವಾರಗಳಲ್ಲಿ, ಸುಗ್ಗಿ ಮುಗಿದು ಕಟ್ಟಿಗೆ ಕೀಳುವ ದಿನಗಳಲ್ಲಿ ಯಾರ ಹೆಸರಿನ ಮುಂದೆ ಗೈರು ಬಿದ್ದಿದೆ ಅಂತ ನೋಡಲಿ. ಹುಡುಗ ಶಾಲೆಯಲ್ಲಿ ಕೂತಿರುತ್ತಾನೆ. ಮನೆಯ ಬೆಂಕಿಗೆ ಮೊದಲು ಹಾಕುವ ಸೌದೆ ಹುಡುಗಿಯ ಓದು.

ಒಲೆ ಸುಧಾರಿಸಿದರೆ ಸಾಕು ಅಂತ ತಿಳಿದ ಒಳ್ಳೆಯ ಮನಸ್ಸಿನವರೂ ಇದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಅನ್ನುವ ಕೇಂದ್ರದವರು ಕುಣಿಗಲ್ ಸೀಮೆಯ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಕೂತು, ಯಾವ ಮನೆಗೆ ಎಷ್ಟು ಸೌದೆ, ಯಾರ ಎಷ್ಟು ಹೊತ್ತು ಅಂತ ಅಳೆದರು. ಅಸ್ತ್ರ ಒಲೆ ಬಂತು, ಸೌದೆ ಉಳಿಸಿತು, ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು. ಅಲ್ಲೇ ಪುರ ಅನ್ನುವ ಹಳ್ಳಿಯಲ್ಲಿ ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಘಟಕ ಕಟ್ಟಿ ಅಡುಗೆಗೆ ಅನಿಲ ಕೊಡಲು ನೋಡಿದರು. ಎಲ್ಲ ಒಲೆಗೂ ಸಾಲುವಷ್ಟು ಅನಿಲ ಬರಲಿಲ್ಲ. ಮುಂದೆ ಅದೇ ಘಟಕ ಕುಡಿಯುವ ನೀರಿಗೂ ದೀಪಕ್ಕೂ ತಿರುಗಿತು. ವಿಜ್ಞಾನ ಮಾಡಬೇಕಾದ್ದನ್ನು ಪ್ರಾಮಾಣಿಕವಾಗಿ ಮಾಡಿತು. ಆದರೆ ದನ ಇದ್ದವರಿಗಷ್ಟೇ ಸಗಣಿ, ಹೊಲ ಇದ್ದವರಿಗಷ್ಟೇ ಕೂಳೆ ಇರುವ ಊರಿನಲ್ಲಿ ಒಲೆ ಬದಲಾದರೂ ಒಡೆತನ ಬದಲಾಗುವುದಿಲ್ಲ. ಯಂತ್ರ ಪರಿಹರಿಸುವ ಪ್ರಶ್ನೆ ಬೇರೆ, ಹಂಚಿಕೆ ಪರಿಹರಿಸುವ ಪ್ರಶ್ನೆ ಬೇರೆ.

೭

ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದು: ಜನ ಹಸಿದು ಸಾಯೋದು ದೇಶದಲ್ಲಿ ಧಾನ್ಯ ಇಲ್ಲ ಅಂತಲೇ ಅಲ್ಲ, ಇರುವ ಧಾನ್ಯದ ಮೇಲೆ ಅವರಿಗೆ ಹಕ್ಕಿಲ್ಲ ಅಂತ. ನಾವು ಒಂದು ಹೆಜ್ಜೆ ಮುಂದಕ್ಕೆ ಹೋಗಿ ಹೇಳುತ್ತೇವೆ. ಧಾನ್ಯದ ಮೇಲೆ ಹಕ್ಕಿದ್ದೂ, ಅದು ಮನೆಯ ಮೂಲೆಯಲ್ಲಿ ಚೀಲದಲ್ಲಿದ್ದೂ, ಬೆಂಕಿಯ ಮೇಲೆ ಹಕ್ಕಿಲ್ಲದೆ ಜನ ಅರೆಹೊಟ್ಟೆಯಲ್ಲಿ ಮಲಗಬಹುದು. ಆಗ ಆ ಹಸಿವು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ. ಕಾಣದ ಹಸಿವಿಗೆ ಹೊಣೆಗಾರರೂ ಕಾಣುವುದಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಆಹಾರ ಭದ್ರತೆಯ ಅರ್ಥದೊಳಗೆ ಬೆಂಕಿಯೂ ಸೇರಬೇಕು; ರೇಷನ್ ಕಾರ್ಡಿನಲ್ಲಿ ಅಕ್ಕಿಯ ಸಾಲಿನ ಕೆಳಗೆ ಇಂಧನದ ಸಾಲೂ ಇರಬೇಕು, ದಯೆಯಿಂದಲ್ಲ, ಕಾಯ್ದೆಯಿಂದ. ಕೂಲಿಯವನ ಕೈಗೆಟುಕುವ ಹಾಗೆ ಐದು ಕಿಲೋದ ಸಣ್ಣ ಸಿಲಿಂಡರು ಊರಲ್ಲೇ ಸಿಗಬೇಕು, ಸಬ್ಸಿಡಿ ಕಳೆದ ಬೆಲೆಗೇ ಸಿಗಬೇಕು. ಗೋಮಾಳ, ಗುಂಡುತೋಪುಗಳಲ್ಲಿ ಉಳಿದಿರುವುದನ್ನು ಮಠಕ್ಕೂ ಕಂಪನಿಗೂ ಬರೆದುಕೊಡುವುದು ನಿಲ್ಲಬೇಕು. ಅಲ್ಲಿ ಹೊಂಗೆ, ಹುಣಸೆ, ಬೇವು ಏಳಬೇಕು, ಅದರ ಕಡ್ಡಿಯ ಮೇಲೆ ನೆಲವಿಲ್ಲದವರಿಗೆ ಮೊದಲ ಹಕ್ಕಿರಬೇಕು. ಬಿದ್ದ ಕಡ್ಡಿ ಆರಿಸಿದವಳ ಮೇಲೆ ಕೇಸು ಹಾಕುವ ಕೈಯನ್ನು ಸಂಘಟನೆ ಹಿಡಿದು ನಿಲ್ಲಿಸಬೇಕು. ಮತ್ತೆ ಮನೆಯೊಳಗೆ, ಒಲೆ ಹೊತ್ತಿಸುವ ಕೆಲಸಕ್ಕೆ ಹೆಣ್ಣು ಗಂಡು ಅನ್ನುವ ಜಾತಿ ಇರಬಾರದು.

ಇದು ಸಣ್ಣ ವಿಷಯ, ಹೊಟ್ಟೆಪಾಡಿನ ವಿಷಯ, ಕ್ರಾಂತಿಗೂ ಸೌದೆಗೂ ಏನು ಸಂಬಂಧ ಅಂತ ಕೇಳುವ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ಕೇರಿಯ ಮನೆ ಮನೆಗೆ ಹೋಗಿ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಹೋದ ವರ್ಷ ಎಷ್ಟು ಸಿಲಿಂಡರು ತುಂಬಿಸಿದಿರಿ? ಈ ವಾರ ಕಾಳು ಬೇಯಿಸಿದ್ದು ಎಷ್ಟು ಸಲ? ಸೌದೆಗೆ ಹೋದವರು ಯಾರು, ಎಷ್ಟು ಹೊತ್ತು? ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಸಿ, ಕೆಳಗೆ ಸಹಿ ಹಾಕಿಸಿ. ಹೆಣ್ಣುಮಕ್ಕಳ ಸಹಿ, ಹೆಬ್ಬೆಟ್ಟು ಮೊದಲಿರಲಿ.